ಹಾಡಿನ ಹೊಟ್ಟೆಯೊಳಗಿನ ಚೀಟಿ

ಬೆಳಗಿನ ಐದೂವರೆ. ರೆಕಾರ್ಡಿಂಗ್ ಸ್ಟುಡಿಯೋದ ಹಿಂಬದಿಯ ಕಿರುಕೋಣೆಯಲ್ಲಿ ಚೀಟಿಯಕ್ಕ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಟೇಪು ಸುತ್ತಿದ ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು, ಮೊದಲು ತನ್ನದೇ ಹೆಸರನ್ನು ಟೈಪು ಮಾಡಿ ಹುಡುಕುತ್ತಾಳೆ. ಟೀ ಏನಿದ್ದರೂ ಆಮೇಲೆ.

ಚೀಟಿಯಕ್ಕ ಎನ್ನುವುದು ಸ್ಟುಡಿಯೋದವರು ಇಟ್ಟ ಅಡ್ಡಹೆಸರು. ಕೆಲಸವೂ ಅದೇ: ಹಾಡಿನ ಫೈಲಿನೊಳಗೆ ಚೀಟಿ ಇಡುವುದು. ರಾಗ ಕಟ್ಟಿದವರು ಯಾರು, ನುಡಿಸಿದವರು ಯಾರು, ಹಾಡು ಅಳಿಸುತ್ತದೋ ಕುಣಿಸುತ್ತದೋ, ಬಳಸಿಕೊಳ್ಳಲು ಯಾರ ಒಪ್ಪಿಗೆ ಬೇಕು, ಅವರ ಫೋನ್ ನಂಬರು ಯಾವುದು. ಫೈಲು ಎಲ್ಲಿಗೆ ಹೋದರೂ ಈ ಬರಹ ಅದರ ಹೊಟ್ಟೆಯೊಳಗೇ ಇರುತ್ತದೆ. ಅದಿಲ್ಲದ ಹಾಡನ್ನು ಸಿನಿಮಾದವರಾಗಲಿ ಜಾಹೀರಾತಿನವರಾಗಲಿ ಮುಟ್ಟುವುದಿಲ್ಲ. ದಿನಕ್ಕೆ ಅರವತ್ತು ಫೈಲಿನಂತೆ ಹದಿನಾಲ್ಕು ವರ್ಷ ದುಡಿದವಳಿಗೆ ಕಿಟಕಿಯಿರುವ ಒಂದು ಕೋಣೆ ಕೊಡುವ ಯೋಗ್ಯತೆಯೂ ಈ ಸಂಗೀತಲೋಕಕ್ಕಿಲ್ಲ.

ಪ್ರತಿ ಹಾಡನ್ನೂ ಕೊನೆಯವರೆಗೆ ಕೇಳುತ್ತಾಳೆ. "ಅರ್ಧ ಕೇಳಿ 'ದುಃಖ' ಅಂತ ಬರೆದ್ರೆ, ಕೊನೇಲಿ ಡೋಲು ಬಡಿದು ನನ್ನ ಮಾನ ಕಳೀತಾರೆ."

ಕಳೆದ ತಿಂಗಳು ಒಂದು ದಿನ ಫೋನು ಬರುತ್ತದೆ. ಸಿನಿಮಾದವರು. "ಆ ಪಿಟೀಲಿನ ರಾಗ ಕಟ್ಟಿದ್ದು ನೀವೇ ಅಲ್ವಾ ಮೇಡಂ? ನಮ್ಮ ಚಿತ್ರಕ್ಕೆ ಬೇಕಿತ್ತು. ಸಂಜೆ ಪತ್ರ ಕಳಿಸ್ತೀವಿ, ಒಂದು ಸಹಿ ಹಾಕ್ಬಿಡಿ."

ಚೀಟಿಯಕ್ಕ ಫೋನಿಟ್ಟು ಆ ಹಾಡನ್ನು ಹುಡುಕುತ್ತಾಳೆ. ಫೈಲು ತೆರೆದರೆ ರಾಗ ಕಟ್ಟಿದವರ ಜಾಗದಲ್ಲಿ ಅವಳ ಹೆಸರು, ಅವಳ ನಂಬರು. ಚೀಟಿಯ ಹೊಸ ನಮೂನೆ ಸರಿಯಿದೆಯೇ ಎಂದು ನೋಡಲು ತನ್ನ ಹೆಸರು ತುಂಬಿಸಿದವಳು ಅಳಿಸಲು ಮರೆತಿದ್ದಾಳೆ. ಅದು ಹನ್ನೊಂದು ಫೈಲುಗಳ ಮೇಲೆ ಕೂತು, ಹೊರಗೂ ಹೋಗಿಬಿಟ್ಟಿದೆ.

"ಹಾಡು ಕಳುವಾಗಬಾರದು ಅಂತ ಕಾಯೋ ಕೆಲಸ ನಂದು. ಕೊನೆಗೆ ನಾನೇ ಕಳ್ಳಿ ಆಗಿದ್ದೆ."

ಸ್ಟುಡಿಯೋ ಯಜಮಾನರದು ಒಂದೇ ಮಾತು: "ಸುಮ್ನೆ ಸರಿಮಾಡು. ಯಾರ ಹತ್ರನೂ ಬಾಯಿ ಬಿಡಬೇಡ." ಅವಳು ಬಾಯಿ ಬಿಡುತ್ತಾಳೆ. ಸಿನಿಮಾದವರಿಗೆ ನಿಜ ಹೇಳಿ, ಹನ್ನೊಂದೂ ಫೈಲು ತಿದ್ದಿ ಕಳಿಸಿ, ಸೀದಾ ಆ ರಾಗ ಕಟ್ಟಿದ ಪಿಟೀಲು ಮಾಸ್ತರರ ಮನೆಗೆ ಹೋಗುತ್ತಾಳೆ.

ಮಾಸ್ತರರು ನಗುತ್ತಾರೆ. "ಹೋಗ್ಲಿ ಬಿಡಮ್ಮ. ನನ್ನ ಹೆಸರಿಗಿಂತ ನಿನ್ನ ಹೆಸರೇ ಕೇಳೋಕೆ ಚೆನ್ನಾಗಿದೆ."

ಅವರ ಹೆಂಡತಿ ನಗುವುದಿಲ್ಲ. "ನಲವತ್ತು ವರ್ಷ ಕಂಡೋರ ಹಾಡಿಗೆ ಹಿಂದೆ ಕೂತು ನುಡಿಸಿದ್ರು. ಇವರದು ಅಂತ ಇರೋದು ಇದೊಂದೇ ರಾಗ ಕಣಮ್ಮ. ಅದೂ ಹೋಗ್ತಿತ್ತಲ್ಲ."

ಪತ್ರಕ್ಕೆ ಮಾಸ್ತರರೇ ಸಹಿ ಹಾಕಿದ್ದಾರೆ. ಆದರೂ ಆ ತಾಯಿಯ ಮಾತು ಚೀಟಿಯಕ್ಕನ ಕಿವಿ ಬಿಟ್ಟಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಈ ಹುಡುಕಾಟ.

ಪರದೆಯ ಮೇಲೆ ಸೊನ್ನೆ ಬರುತ್ತದೆ. ಎರಡು ಲಕ್ಷ ಚಿಲ್ಲರೆ ಫೈಲುಗಳಲ್ಲಿ ಅವಳ ಹೆಸರು ಒಂದು ಕಡೆಯೂ ಇಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ಲೋಟಕ್ಕೆ ಕೈಚಾಚುತ್ತಾಳೆ.

"ಯಾಕಾಗ್ಬೇಕು? ಸೊನ್ನೆ ಬಂತು ಅಂದ್ರೆ ಎಲ್ಲರ ಹಾಡೂ ಅವರವರ ಹತ್ರಾನೇ ಇದೆ ಅಂತ. ಇನ್ನು ಟೀ ಕುಡೀಬಹುದು."