ಎರಡನೆಯ ಡಬ್ಬಿ

ಕಲ್ಲಮಡ್ಡಿಯ ಸರ್ಕಾರಿ ಹೈಸ್ಕೂಲಿನಲ್ಲಿ ಲಗಮಪ್ಪ ಇಪ್ಪತ್ತೆರಡು ವರ್ಷ ಸಿಪಾಯಿಯಾಗಿದ್ದ. ಐನಾಪುರದ ಆಚೆ, ಕೃಷ್ಣೆಯ ದಂಡೆಯಲ್ಲಿ, ಸುತ್ತಲೂ ಕಬ್ಬು ಬಿಟ್ಟರೆ ಬೇರೇನೂ ಕಾಣದ ಊರು ಅದು. ಗಂಟೆ ಬಾರಿಸುವುದು, ಕೋಣೆಗಳ ಬಾಗಿಲು ತೆಗೆಯುವುದು, ಹಾಕುವುದು, ಕುಡಿಯುವ ನೀರು ತುಂಬಿಡುವುದು, ಹೆಡ್‌ಮಾಸ್ತರರ ಕೋಣೆಯ ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವುದು, ಇಷ್ಟು ಅವನ ಕೆಲಸ. ಊರಿನವರನ್ನು ಕೇಳಿ ನೋಡಿ, ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಲಗಮಪ್ಪ ಬಹಳ ಸಾದಾ ಮನುಷ್ಯ, ಯಾರ ತಂಟೆಗೂ ಹೋದವನಲ್ಲ. ಅವರು ಅದನ್ನು ಹೊಗಳಿಕೆ ಎಂದೇ ಹೇಳುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ಲಗಮಪ್ಪ ಯಾಕೆ ತಲೆ ತಗ್ಗಿಸುತ್ತಿದ್ದ ಎಂದು ಯಾರೂ ವಿಚಾರ ಮಾಡಲಿಲ್ಲ.

ಅವನಿಗೆ ನೌಕರಿ ಕೊಡಿಸಿದವರು ತಾತ್ಯಾಸಾಹೇಬರು. ಶಾಲೆಯ ಸಮಿತಿಗೆ ಅವರೇ ಅಧ್ಯಕ್ಷರು. ಊರಲ್ಲಿ ಏನು ಆಗಬೇಕು, ಏನು ಆಗಬಾರದು ಎಂಬುದೆಲ್ಲ ಅವರ ಪಡಸಾಲೆಯಲ್ಲಿ ಚಹಾದ ಜೊತೆ ತೀರ್ಮಾನವಾಗುತ್ತಿತ್ತು. ಕುರಿ ಕಾಯುತ್ತಿದ್ದ ಲಗಮಪ್ಪನನ್ನು ಒಂದು ದಿನ ಕರೆದು, ಏಳನೆಯ ಇಯತ್ತೆ ಪಾಸಾದವನಿಗೆ ಕುರಿ ಹಿಂದೆ ಏನು ಕೆಲಸ ಎಂದು ಬೈದು, ತಾವೇ ಅರ್ಜಿ ಬರೆಸಿ ಚಿಕ್ಕೋಡಿಯ ಆಫೀಸಿಗೆ ಕಳಿಸಿದರು. ಲಗಮಪ್ಪ ಆ ಉಪಕಾರವನ್ನು ಮರೆಯಲಿಲ್ಲ. ಮರೆತಿದ್ದರೆ ಒಬ್ಬ ಹುಡುಗಿಗೆ ಒಳ್ಳೆಯದಾಗುತ್ತಿತ್ತು.

ಆ ಹುಡುಗಿಯ ಹೆಸರು ಸುಗಂಧಾ. ಎಂಬತ್ತನಾಲ್ಕರಲ್ಲಿ ಎಂಟನೆಯ ಇಯತ್ತೆಗೆ ಬಂದಳು, ತೋಟದ ಮನೆಯ ಜಿನ್ನಪ್ಪನ ಮಗಳು. ಬೆಳಿಗ್ಗೆ ಲಗಮಪ್ಪ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಬಾಗಿಲು ತೆಗೆದದ್ದೇ ತಡ, ಒಳಗೆ ಓಡಿ ಹಲಗೆ ಒರೆಸಿ ತಾರೀಖು ಬರೆಯುವುದು ಅವಳ ಹಕ್ಕು. ಅದನ್ನು ಬೇರೆ ಯಾರಾದರೂ ಬರೆದರೆ ದಿನವಿಡೀ ಮುಖ ಊದಿಸಿಕೊಂಡಿರುತ್ತಿದ್ದಳು. ಇಬ್ಬರು ಗಂಡುಮಕ್ಕಳ ತಂದೆಯಾದ ಲಗಮಪ್ಪನಿಗೆ ಈ ಹುಡುಗಿಯ ಗತ್ತು ನೋಡಿ ನಗು ಬರುತ್ತಿತ್ತು. ಹಲಗೆಗೆ ಚಲೋ ಖಡು, ಮುರಿಯದ ಸೀಮೆಸುಣ್ಣ, ಅವಳಿಗಾಗಿಯೇ ತೆಗೆದಿಡುತ್ತಿದ್ದ.

ಜಿನ್ನಪ್ಪನದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಹೋಗುವಂತಿಲ್ಲ. ಸುಗಂಧಾಳ ಅಜ್ಜಿ ಕಮಲಾಬಾಯಿ ಈ ವಿಷಯದಲ್ಲಿ ಯಾರ ಮುಲಾಜನ್ನೂ ನೋಡುವವಳಲ್ಲ. ಶಾಲೆ ಬಿಡುವುದು ಐದೂವರೆಗೆ. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ದೊಡ್ಡ ರಸ್ತೆ ಹಿಡಿದು ಓಡುತ್ತ ಹೋದರೆ ತೋಟದ ಮನೆ ಅರ್ಧ ತಾಸಿನ ದಾರಿ. ಹಾಗಾಗಿ ಉಳಿದ ಹುಡುಗಿಯರು ಕೈ ಕೈ ಹಿಡಿದು ಗುಂಪಾಗಿ ಹೊರಡುವ ಹೊತ್ತಿಗೆ ಸುಗಂಧಾ ಒಬ್ಬಳೇ ಹಳ್ಳದ ಸೇತುವೆ ದಾಟಿರುತ್ತಿದ್ದಳು. ಅವಳು ಒಬ್ಬಳೇ ಹೋಗುತ್ತಾಳೆ ಎಂಬುದು ಹತ್ತನೆಯ ಇಯತ್ತೆಯ ಹುಡುಗರಿಗೆ ದೀಪಾವಳಿ ಆದ ಮೇಲೆ ಗೊತ್ತಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತಲ್ಲಿಯೇ ಸುಗಂಧಾ ಕುಸಿದು ಬಿದ್ದಳು. ಲಗಮಪ್ಪ ಎತ್ತಿ ತಂದು ಕೋಣೆಯಲ್ಲಿ ಕೂರಿಸಿ, ಬೆಲ್ಲದ ಚೂರು ಕೊಟ್ಟು ನೀರು ಕುಡಿಸಿದ. ಬೆಲ್ಲವನ್ನು ಅವಳು ತಿಂದ ರೀತಿ ನೋಡಿ ಅವನಿಗೆ ಅನುಮಾನ ಬಂತು.

"ನಿನ್ನೆ ರಾತ್ರಿ ಉಂಡಿಲ್ಲೇನ ತಂಗಿ?"

"ಇಲ್ರಿ ಕಾಕಾ."

"ಯಾವಾಗಿಂದ?"

ಅವಳು ಲೆಕ್ಕ ಹಾಕಿ ಹೇಳಿದಳು, ಹದಿನೆಂಟು ದಿನದಿಂದ. ದೊಡ್ಡ ರಸ್ತೆ ಬಿಟ್ಟಿದ್ದಳು. ಹೊಳೆಯ ದಂಡೆ ಹಿಡಿದು ಸುತ್ತಿ ಹೋಗುತ್ತಿದ್ದಳು. ಆ ದಾರಿ ಒಂದು ತಾಸಿನದು. ಮನೆ ಮುಟ್ಟುವ ಹೊತ್ತಿಗೆ ಒಲೆ ಆರಿಸಿ, ಅಡಿಗೆ ಮನೆ ಸಾರಿಸಿ ಆಗಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ಗಣಿತದ ಜಾದಾ ಕ್ಲಾಸ್ ಇದೆ ಎಂದು ಸುಳ್ಳು ಹೇಳಿ ನೀರೂ ಕುಡಿಯದೆ ಮಲಗುತ್ತಿದ್ದಳು. ಯಾಕೆ ಎಂದು ಲಗಮಪ್ಪ ಕೇಳಿದ. ಉಗಾರದ ಸಕ್ಕರೆ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಹುಡುಗರು ಹತ್ತಿರುತ್ತಾರೆ ಎಂದಳು. ಕಬ್ಬಿನ ಗಳದಿಂದ ಉಟ್ಟ ಪರಕಾರ ಎತ್ತುತ್ತಾರೆ ಎಂದಳು. ಒಮ್ಮೆ ಇಬ್ಬರು ಕೆಳಗಿಳಿದು ಕಬ್ಬಿನ ಹೊಲದೊಳಗೆ ಕೈ ಹಿಡಿದು ಎಳೆದಿದ್ದರು, ಬಿಡಿಸಿಕೊಂಡು ಓಡಿದ್ದಳು.

"ಮನ್ಯಾಗ ಹೇಳಬ್ಯಾಡ್ರಿ ಕಾಕಾ," ಅಂದಳು. "ಹೇಳಿದ್ರ ಸಾಲಿ ಬಿಡಸ್ತಾರ. ಹಸಿವು ಏನೂ ಆಗಂಗಿಲ್ರಿ, ರೂಢಿ ಆಗೇತಿ."

"ಹೇಳಂಗಿಲ್ಲ ಬಿಡು," ಅಂದ ಲಗಮಪ್ಪ. ಕೈಮೇಲೆ ಕೈಯಿಟ್ಟು ಮಾತು ಕೊಟ್ಟ.

ಆ ಸಂಜೆ ಗಂಟೆ ಬಾರಿಸಿದವನೇ, ಕೋಣೆಗಳಿಗೆ ಕೀಲಿ ಹಾಕದೆ ಸೇತುವೆಯ ತನಕ ಹೋಗಿ ನಿಂತ. ಟ್ರ್ಯಾಕ್ಟರ್ ಬಂತು. ಕಬ್ಬಿನ ಹೇರಿನ ಮೇಲೆ ನಾಲ್ವರು ಹುಡುಗರು ಕೂತಿದ್ದರು. ನಡುವೆ ಉದ್ದನೆಯ ಗಳ ಹಿಡಿದು ರಸ್ತೆ ನೋಡುತ್ತಿದ್ದವನು ರಾವಸಾಹೇಬ, ತಾತ್ಯಾಸಾಹೇಬರ ಕಿರಿಯ ಮಗ. ಬೇರೆ ಯಾರ ಮಗನಾಗಿದ್ದರೂ ಲಗಮಪ್ಪ ಕಿವಿ ಹಿಂಡಿ ಕೆಳಗಿಳಿಸುತ್ತಿದ್ದ. ಅನ್ನ ಕೊಟ್ಟವರ ಮಗನ ಮುಂದೆ ಸೇತುವೆಯ ಕಲ್ಲಿನಂತೆ ನಿಂತ. ಹುಡುಗರು ಅವನನ್ನು ನೋಡಿ ಕೈ ಬೀಸಿದರು.

ಎರಡು ದಿನ ಒದ್ದಾಡಿ ಹೆಡ್‌ಮಾಸ್ತರರ ಮುಂದೆ ಬಾಯಿ ಬಿಟ್ಟ. ಧರೆಪ್ಪ ಮಾಸ್ತರರು ಕೆಟ್ಟವರಲ್ಲ. ಆದರೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಪೆನ್ಶನ್ ಕಾಗದದ ಚಿಂತೆಯಲ್ಲಿದ್ದರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ತಾತ್ಯಾಸಾಹೇಬರ ಮನೀ ಸುದ್ದಿ ನಮಗ್ಯಾಕೋ ಲಗಮಪ್ಪ. ಹುಡುಗೀ ಮನಿಯವರಿಗೆ ಒಂದು ಮಾತು ತಿಳಸು. ಅವರ ಹುಡುಗಿ, ಅವರು ನೋಡಿಕೊಳ್ತಾರ."

ನಮ್ಮ ಕಡೆ ಇದು ಎಲ್ಲರಿಗೂ ಒಪ್ಪುವ ಉಪಾಯ. ಹೊಲಕ್ಕೆ ದನ ನುಗ್ಗಿದರೆ ದನದ ಮಾಲಕನ ಮನೆಗೆ ಹೋಗಿ ಜಗಳ ತೆಗೆಯುತ್ತೇವೆ. ಹುಡುಗಿಯ ಮೇಲೆ ಕೈ ಹಾಕಿದರೆ ಮಾತ್ರ ಹುಡುಗಿಯ ಮನೆಗೆ ಹೋಗಿ ತಗ್ಗಿದ ದನಿಯಲ್ಲಿ ಬುದ್ಧಿ ಹೇಳುತ್ತೇವೆ. ಲಗಮಪ್ಪನಿಗೂ ಅದು ಸರಿಯಾಗಿಯೇ ಕಂಡಿತು. ಹುಡುಗಿ ಉಪವಾಸ ಸಾಯುತ್ತಿದ್ದಾಳೆ, ಕೊಟ್ಟ ಮಾತು ದೊಡ್ಡದೋ ಹುಡುಗಿಯ ಜೀವ ದೊಡ್ಡದೋ ಎಂದು ತನಗೆ ತಾನೇ ಹೇಳಿಕೊಂಡ. ತಾತ್ಯಾಸಾಹೇಬರ ಪಡಸಾಲೆ ಹತ್ತುವುದು ತಪ್ಪಿತಲ್ಲ ಎಂಬ ಸಮಾಧಾನವೂ ಅದರೊಳಗೆ ಇತ್ತು. ಅದನ್ನು ಅವನು ಆಮೇಲೆ ಎಷ್ಟೋ ವರ್ಷ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಭಾನುವಾರ ತೋಟಕ್ಕೆ ಹೋಗಿ ಜಿನ್ನಪ್ಪನನ್ನು ಬಾವಿಯ ಕಡೆ ಕರೆದು ಹೇಳಿದ. ಜಿನ್ನಪ್ಪ ಸಿಟ್ಟಾಗಲಿಲ್ಲ, ಯಾರ ಹೆಸರನ್ನೂ ಹಿಡಿದು ಬೈಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಭಾಳ ಉಪಕಾರ ಆತು ಲಗಮಪ್ಪ," ಅಂದ. "ನೀ ಹೇಳದಿದ್ರ ನಮಗ ಗೊತ್ತಾಗತಿದ್ದಿಲ್ಲ."

ಸೋಮವಾರ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹಲಗೆಯ ಮೇಲೆ ಶನಿವಾರದ ತಾರೀಖೇ ಇತ್ತು. ವಾರದೊಳಗೆ ಜಿನ್ನಪ್ಪ ಬಂದು ಶಾಲೆ ಬಿಟ್ಟ ದಾಖಲೆ ಕೇಳಿದ. ಅದಕ್ಕೆ ಶಿಕ್ಕಾ ಒತ್ತುವುದು ಲಗಮಪ್ಪನ ಕೆಲಸ. ಒತ್ತಿದ. ಶಿಕ್ಕಾ ಸರಿಯಾಗಿ ಮೂಡಿಲ್ಲ ಎಂದು ಮಾಸ್ತರರು ಇನ್ನೊಮ್ಮೆ ಒತ್ತಿಸಿದರು.

ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ವರ ರಾಯಬಾಗದ ಕಡೆಯ ಸೋದರಮಾವ ಪಾರಿಸ. ಲಗಮಪ್ಪನಿಗೆ ಕರೆ ಬಂತು, ಮನೆಯ ಮಾನ ಉಳಿಸಿದವನೆಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಕಿಕಾಳು ಹಾಕುವಾಗ ಹದಿನಾಲ್ಕು ವರ್ಷದ ಮದುಮಗಳು ತಲೆಯೆತ್ತಿ ಒಮ್ಮೆ ಅವನನ್ನು ನೋಡಿದಳು. ಅವನು ಊಟಕ್ಕೆ ನಿಲ್ಲದೆ ಮನೆಗೆ ಬಂದ. ರಾವಸಾಹೇಬ ಎರಡನೆಯ ಪ್ರಯತ್ನಕ್ಕೆ ಹತ್ತನೆಯ ಇಯತ್ತೆ ಪಾಸಾಗಿ, ಪೇಢೆ ಹಂಚಿದ.

ಆಮೇಲಿನ ಲಗಮಪ್ಪ ಬೇರೆ ಮನುಷ್ಯ. ಪ್ರತಿ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಗಡಿಯಾರಕ್ಕೆ ಕೀಲಿ ಕೊಡುವ ನೆಪದಲ್ಲಿ ಕಾಲು ಗಂಟೆ ಮುಂದೆ ಮಾಡಿಡುತ್ತಿದ್ದ. ಹೋಳಿ ಹುಣ್ಣಿಮೆ ಆದ ಮೇಲೆ ಹಿಂದೆ ಸರಿಸುತ್ತಿದ್ದ. ಚಳಿಗಾಲ ಪೂರ್ತಿ ಊರಿನ ಶಾಲೆ ಸರ್ಕಾರದ ಕಾಲಕ್ಕಿಂತ ಹದಿನೈದು ನಿಮಿಷ ಮೊದಲೇ ಬಿಡುತ್ತಿತ್ತು. ಗಂಟೆ ಬಾರಿಸಿ, ಹುಡುಗಿಯರನ್ನೆಲ್ಲ ಮುಂದೆ ಬಿಟ್ಟುಕೊಂಡು ಸೇತುವೆ ದಾಟಿಸಿ, ಟ್ರ್ಯಾಕ್ಟರ್ ಹೋಗುವ ತನಕ ನಿಂತು, ತಿರುಗಿ ಬಂದು ಕೀಲಿ ಹಾಕುತ್ತಿದ್ದ. ಲಗಮಪ್ಪ ಕುರಿ ಕಾಯುವುದು ಬಿಟ್ಟೇ ಇಲ್ಲ ಎಂದು ಹುಡುಗರು ನಕ್ಕರು, ಅವನ ಸೈಕಲ್ಲಿನ ಗಾಳಿ ಬಿಟ್ಟರು. ಕೋಣೆ ತೆರೆದಿಟ್ಟು ಹೋಗಿದ್ದಕ್ಕೆ ಎರಡು ಸಲ ಮೆಮೊ ಬಂತು. ಆದರೂ ಕೆಲವು ಹುಡುಗಿಯರು ಹತ್ತನೆಯ ಇಯತ್ತೆ ಮುಗಿಸಿದರು. ಕೆಲವರು ಮುಗಿಸಲಿಲ್ಲ. ಅವನು ಯಾರ ಮನೆಗೂ ಹೋಗಿ ಒಂದು ಮಾತೂ ಹೇಳಲಿಲ್ಲ.

ಕೊನೆಯ ವರ್ಷ ಹೊಸ ಹೆಡ್‌ಮಾಸ್ತರರು ಬಂದರು. ಕೀಲಿಯ ಗಡಿಯಾರ ಸುಳ್ಳು ಹೇಳುತ್ತದೆ ಎಂದು ಅದನ್ನು ಇಳಿಸಿ, ಏಣಿ ಇಲ್ಲದೆ ಕೈಗೆ ಸಿಗದಷ್ಟು ಎತ್ತರದಲ್ಲಿ ಸೆಲ್ಲಿನ ಗಡಿಯಾರ ಹಾಕಿಸಿದರು. ಶಾಲೆ ಮತ್ತೆ ಸರಿಯಾಗಿ ಐದೂವರೆಗೆ ಬಿಡತೊಡಗಿತು. ಹೊತ್ತಲ್ಲದ ಹೊತ್ತಿನಲ್ಲಿ ಗೇಟು ಬಿಟ್ಟು ಹೋಗಬಾರದೆಂದು ಲಗಮಪ್ಪನಿಗೆ ಬರಹದಲ್ಲಿ ಆಜ್ಞೆಯೂ ಆಯಿತು.

ತೊಂಬತ್ತೆಂಟರ ನವೆಂಬರ್. ರಜೆ ಮುಗಿದು ಶಾಲೆ ತೆರೆದ ದಿನ ಎಂಟನೆಯ ಇಯತ್ತೆಯ ರಾಜಮತಿಯ ಜೊತೆ ಅವಳ ತಾಯಿಯೂ ಬಂದಿದ್ದಳು. ರಾಜಮತಿ ಜೂನಿನಲ್ಲಿ ಸೇರಿದವಳು. ಅವಳ ಊರಿನಲ್ಲಿ ಹೈಸ್ಕೂಲು ಇಲ್ಲವೆಂದು ಅಜ್ಜನಾದ ಜಿನ್ನಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು. ತಾಯಿ ಬಂದು ಕಟ್ಟೆಯ ಮುಂದೆ ನಿಂತು, ಸೆರಗು ಸರಿಮಾಡಿಕೊಂಡಳು.

"ಕಾಕಾ, ಗುರ್ತು ಸಿಕ್ಕಿತೇನ್ರಿ?"

ಸಿಗದೆ ಏನು. ಸುಗಂಧಾ ಮಗಳ ಚೀಲ ತೆಗೆದು ತೋರಿಸಿದಳು. ಅದರಲ್ಲಿ ಎರಡು ಸ್ಟೀಲಿನ ಡಬ್ಬಿಗಳಿದ್ದವು.

"ಒಂದು ಮಧ್ಯಾಹ್ನದ್ದು. ಇನ್ನೊಂದು ಸಾಲಿ ಬಿಟ್ಟ ಮ್ಯಾಲೆ, ಹೊತ್ತು ಮುಣುಗೂದ್ರಾಗ ಇಲ್ಲೇ ಕಟ್ಟೀ ಮ್ಯಾಲೆ ಕುಂತು ಉಣ್ಣಾಕ. ಉಂಡು ಹೊಳೀ ದಾರಿ ಹಿಡದು ನಿಧಾನಕ ಬರ್ಲಿ. ಜಾದಾ ಕ್ಲಾಸ್ ಐತಿ ಅಂತ ಮನ್ಯಾಗ ನಾನ ಹೇಳೀನಿ."

"ಅಂದ್ರ ಇಕೀಗೂ..."

"ಹೌದ್ರಿ. ರಜಾದಾಗ ಹೇಳಿದ್ಲು. ನನಗಷ್ಟ."

ಲಗಮಪ್ಪ ಹದಿನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು. "ಆವತ್ತು ನಾ ಹೇಳಬಾರದಿತ್ತವ್ವಾ. ಮಾತು ಕೊಟ್ಟು ತಪ್ಪಿದೆ. ನೀ ಉಪವಾಸ ಅದಿ ಅಂತ ಜೀವ ತಡೀಲಿಲ್ಲ."

ಸುಗಂಧಾ ಎರಡೂ ಡಬ್ಬಿಗಳನ್ನು ತಿರುಗಿ ಚೀಲದೊಳಗೆ ಇಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ನೀವು ಹೇಳಿದ್ದು ತಪ್ಪಲ್ರಿ ಕಾಕಾ. ನಮ್ಮಪ್ಪಗ ಹೇಳಿದ್ರಿ. ರಾವಸಾಹೇಬನ ಅಪ್ಪಗ ಯಾಕ ಹೇಳ್ಲಿಲ್ಲ?"

ಉತ್ತರಕ್ಕೆ ಕಾಯದೆ, ಐನಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟು ಹೋದಳು.

ಮಧ್ಯಾಹ್ನದ ಬಿಡುವಿನಲ್ಲಿ ಲಗಮಪ್ಪ ಆ ಪಡಸಾಲೆ ಹತ್ತಿದ. ತಾತ್ಯಾಸಾಹೇಬರು ತೀರಿಹೋಗಿ ಬಹಳ ವರ್ಷವಾಗಿತ್ತು. ಈಗ ರಾವಸಾಹೇಬರೇ ಸಮಿತಿಯ ಅಧ್ಯಕ್ಷರು. ಅವರ ಅಣ್ಣನ ಮಗ ಹತ್ತನೆಯ ಇಯತ್ತೆ. ಲಗಮಪ್ಪ ನಿಂತೇ ಎಲ್ಲ ಹೇಳಿದ. ಈಗ ಟ್ರ್ಯಾಕ್ಟರ್ ಮೇಲೆ ಯಾರು ಯಾರು ಇರುತ್ತಾರೆಂದು, ಆ ಅಣ್ಣನ ಮಗನನ್ನೂ ಸೇರಿಸಿ, ಹೆಸರು ಹಿಡಿದು ಹೇಳಿದ. ಹಿಂದೆ ಇದೇ ಸೇತುವೆಯ ಮೇಲೆ ನಡೆದದ್ದನ್ನೂ ಹೇಳಿದ. ಸುಗಂಧಾ ಅಂತ ಒಬ್ಬ ಹುಡುಗಿ ನಿಮ್ಮಿಂದ ಶಾಲೆ ಬಿಟ್ಟಳು ಎಂದ.

ರಾವಸಾಹೇಬರು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು.

"ಯಾವ ಸುಗಂಧಾ?" ಅಂದರು.

ಆಮೇಲೆ ಚಹಾ ತರಿಸಿದರು. ಸಿಟ್ಟು ಮಾಡಲಿಲ್ಲ, ಹೆದರಿಸಲಿಲ್ಲ. "ಇನ್ನೂ ಹುಡುಗರು ಅದಾರೋ ಲಗಮಪ್ಪ, ನಾ ನಮ್ಮವಗ ಹೇಳ್ತೀನಿ. ನೀನೂ ಆ ಹುಡುಗೀ ಮನಿಯವರಿಗೆ ಒಂದು ಮಾತು ತಿಳಸು. ನಾಲ್ಕು ತಿಂಗಳದಾಗ ರಿಟಾಯರ್ ಆಗಾವ ಅದಿ, ಯಾಕ ತಲಿ ಬಿಸಿ ಮಾಡಿಕೋತಿ."

ಲಗಮಪ್ಪ ಚಹಾ ಕುಡಿಯದೆ ಹೊರಟ. ಆ ಮನೆಯ ಚಹಾ ಅವನು ಬಿಟ್ಟಿದ್ದು ಅದೇ ಮೊದಲು. ಯಾರೂ ಅದನ್ನು ಗಮನಿಸಲಿಲ್ಲ.

ಆ ಸಂಜೆ ಐದೂವರೆಗೆ ಗಂಟೆ ಬಾರಿಸಿದ. ಹುಡುಗರು ಕೂಗುತ್ತ ರಸ್ತೆಗಿಳಿದರು, ಹುಡುಗಿಯರು ಗುಂಪಾಗಿ ಹೊರಟರು. ರಾಜಮತಿ ಕಟ್ಟೆಯ ಮೇಲೆ ಕೂತು ಎರಡನೆಯ ಡಬ್ಬಿ ತೆಗೆದಳು. ಚಪಾತಿ, ಬದನೆಕಾಯಿ ಪಲ್ಯ. ಬೆಳಿಗ್ಗೆ ಮಾಡಿದ್ದು, ಬಿರುಸಾಗಿತ್ತು. ಪಡುವಣ ದಿಕ್ಕು ನೋಡುತ್ತ, ಸೂರ್ಯ ಎಷ್ಟು ಉಳಿದಿದ್ದಾನೆಂದು ಅಳೆಯುತ್ತ ಅವಸರದಲ್ಲಿ ತಿಂದಳು. ಲಗಮಪ್ಪ ನೀರು ತಂದಿಟ್ಟು ಸ್ವಲ್ಪ ದೂರ ನಿಂತ.

"ಮನ್ಯಾಗ ಹೇಳಬ್ಯಾಡ್ರಿ ಕಾಕಾ," ಅಂದಳು ರಾಜಮತಿ, ಅವನು ಏನೂ ಕೇಳದಿದ್ದರೂ.

"ಹೇಳಂಗಿಲ್ಲ ಬಿಡು."

ಡಬ್ಬಿ ತೊಳೆದುಕೊಂಡು ಅವಳು ಹೊಳೆಯ ದಾರಿ ಹಿಡಿದಳು. ಆಜ್ಞೆಯ ಕಾಗದ ಕೋಣೆಯಲ್ಲಿತ್ತು. ಲಗಮಪ್ಪ ಗೇಟು ತೆರೆದು ಬಿಟ್ಟು ಅವಳ ಹಿಂದೆ ನಡೆದ. ಮಾರ್ಚ್ ತನಕ ದಿನಾಲೂ ನಡೆದ. ಮಾರ್ಚಿನಲ್ಲಿ ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಯಾರ ತಂಟೆಗೂ ಹೋಗದ ಮನುಷ್ಯ ಎಂದು ರಾವಸಾಹೇಬರು ಭಾಷಣ ಮಾಡಿದರು. ರಾಜಮತಿಗೆ ಹತ್ತನೆಯ ಇಯತ್ತೆ ಮುಗಿಸಲು ಇನ್ನೂ ಎರಡು ಚಳಿಗಾಲ ಉಳಿದಿದ್ದವು.