ಐದೂ ಹೊತ್ತು ಸಿಕ್ಕ ದಿನ

ನಮ್ಮದು ಪಿಂಜಾರರ ಮನೆತನ. ಹತ್ತಿ ಹಿಂಜಿ ಗಾದಿ ತುಂಬುವುದು ಕಸಬು, ಮನೆಯಲ್ಲಿ ಆಡುವುದು ಕನ್ನಡ. ರಮ್ಜಾನಿನಲ್ಲಿ ರೋಜಾ ಇರುತ್ತಿದ್ದೆವು. ಹಬ್ಬದ ದಿನ ಗಂಡಸರು ಈದ್ಗಾಕ್ಕೆ ಹೋಗಿ ಬರುವುದರೊಳಗೆ ಹೆಂಗಸರು ಶಾವಿಗೆಯ ಸುರಕುಂಬಾ ಕುದಿಸಿ ಇಡುತ್ತಿದ್ದೆವು. ಆದರೆ ಹೆಂಗಸೊಬ್ಬಳು ದಿನಾ ನಮಾಜು ಮಾಡುವುದನ್ನು ನಾನು ತವರಿನಲ್ಲೂ ನೋಡಿರಲಿಲ್ಲ, ಮದುವೆಯಾಗಿ ಬಂದ ಗಜೇಂದ್ರಗಡದ ಈ ಮನೆಯಲ್ಲೂ ನೋಡಿರಲಿಲ್ಲ.

ಎಲ್ಲ ಶುರುವಾದದ್ದು ನರಗುಂದದಲ್ಲಿ, ಸಂಬಂಧಿಕರ ಮದುವೆಯಲ್ಲಿ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಒಳಕೋಣೆಯಲ್ಲಿ ನಾಲ್ಕಾರು ಹೆಂಗಸರು ಚಾದರ ಹಾಸಿ ನಮಾಜಿಗೆ ಸಾಲಾಗಿ ನಿಂತರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಹುಡುಗಿಯೊಬ್ಬಳು ಕೈಹಿಡಿದು ಎಳೆದಳು. "ಬರ್ರಿ ಚಿಕ್ಕಮ್ಮ, ಜಾಗಾ ಐತಿ." ಕೈ, ಮುಖ, ಕಾಲು ತೊಳೆದು ವಜೂ ಮಾಡುವುದನ್ನೂ ಅವಳೇ ತೋರಿಸಿದಳು. ನನಗೆ ಒಂದು ಸಾಲೂ ಬಾಯಿಪಾಠ ಇರಲಿಲ್ಲ. ಪಕ್ಕದವಳು ಬಗ್ಗಿದರೆ ಬಗ್ಗಿದೆ, ಎದ್ದರೆ ಎದ್ದೆ. ಆದರೆ ಹಣೆ ನೆಲಕ್ಕೆ ತಾಗಿದಾಗ ಮದುವೆಮನೆಯ ಸದ್ದೆಲ್ಲ ಎಲ್ಲೋ ದೂರ ಹೋದಂತಾಯಿತು. ಎದ್ದು ಕೂತಾಗ ಮೈ ಹಗುರಾಗಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಇದನ್ನು ಕಲಿಯಬೇಕು, ದಿನಾ ಮಾಡಬೇಕು ಎಂಬ ಒಂದೇ ಯೋಚನೆ.

ನಾನು ಮನೆಯಲ್ಲೇ ಸೀರೆಗೆ ತೊಡುವ ಜಂಪರ್ ಹೊಲಿಯುವವಳು. ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಮದರಸಾದಲ್ಲಿ ಓದಿದವಳೆಂದು ಕೇಳಿದ್ದೆ. ವಯಸ್ಸಿನಲ್ಲಿ ನನ್ನ ಮಗಳಂಥವಳು. ಅವಳ ಬಳಿ ಹೋಗಿ ಕೇಳಿಯೇಬಿಟ್ಟೆ. ಮರುದಿನದಿಂದಲೇ ಅವಳು ನನ್ನ ಹೊಲಿಗೆ ಮಷೀನಿನ ಪಕ್ಕ ಬಂದು ಕೂರತೊಡಗಿದಳು. ಅವಳು ಒಂದು ಸಾಲು ಹೇಳುವುದು, ನಾನು ಕಾಲಲ್ಲಿ ಮಷೀನು ತುಳಿಯುತ್ತ ಅದನ್ನೇ ಹೇಳುವುದು. ಅರಬ್ಬಿಯ ಗಂಟಲಕ್ಷರಗಳು ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ.

"ಹಂಗಲ್ಲರಿ ಅಕ್ಕಾರ, ಗಂಟಲಿಂದ ಬರಬೇಕು," ಎನ್ನುತ್ತಿದ್ದಳು.

"ಗಂಟಲದಾಗ ಬರೇ ಕೆಮ್ಮ ಬರಾಕತ್ತೈತಲ್ಲ," ಎಂದರೆ ಇಬ್ಬರಿಗೂ ನಗು.

ಒಳಗಿನಿಂದ ಅತ್ತೆ ಕೂಗುತ್ತಿದ್ದರು. "ಮದುವಿ ಸೀಜನ್ ಐತಿ. ಕೈತುಂಬ ಕೆಲಸ ಇಟ್ಕೊಂಡು ಐದು ಹೊತ್ತು ಎಲ್ಲಿಂದ ತರ್ತೀ ಬೇ?"

ಅತ್ತೆಯ ಮಾತೂ ಸುಳ್ಳಲ್ಲ. ಒಂದು ಹೊತ್ತು ಮಾಡಿದರೆ ಇನ್ನೊಂದು ತಪ್ಪುತ್ತಿತ್ತು. ಜಂಪರಿಗೆ ತೋಳು ಕೂಡಿಸುತ್ತ ಕೂತರೆ ಇಳಿಹೊತ್ತಿನ ಅಸರ್ ಜಾರಿಹೋಗುವುದು, ರೊಟ್ಟಿ ಬಡಿಯುತ್ತ ಕೂತರೆ ಸೂರ್ಯ ಮುಳುಗಿದೊಡನೆಯ ಮಗ್ರಿಬ್. ಒಂದು ಸಲವಂತೂ ಮೂರು ದಿನ ಚೆನ್ನಾಗಿ ನಡೆದು ಹುರುಪು ಏರಿದ್ದಾಗಲೇ ತಿಂಗಳ ರಜೆ ಬಂತು. ಆ ದಿನಗಳಲ್ಲಿ ನಮಾಜಿಲ್ಲ. ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿ ಕಲಿಸುವ ಹುಡುಗಿ ನಕ್ಕಳು. "ದೇವರ ಕೊಟ್ಟ ಸೂಟಿ ಐತ್ರಿ ಅಕ್ಕಾರ, ಆರಾಮ ಇರ್ರಿ."

ಪಕ್ಕದ ಮನೆಯವರು ನೇಕಾರರು. ನಮ್ಮಿಬ್ಬರ ನಡುವೆ ಒಂದೇ ಗೋಡೆ. ಆ ಕಡೆ ಮಗ್ಗದ ಸದ್ದು, ಈ ಕಡೆ ನನ್ನ ಮಷೀನಿನ ಸದ್ದು. ಒಂದು ದಿನ ಆ ಮನೆಯಾಕೆ ಹಿತ್ತಲಿಂದ ಕೇಳಿದಳು. "ಏನ್ರಿ, ಮಷೀನ ಕೆಟ್ಟೈತೇನ? ನಡುನಡುವ ಬಂದ್ ಆಕ್ಕೈತಿ."

"ಇಲ್ರಿ, ನಮಾಜ್ ಮಾಡಾಕ ಏಳ್ತೀನ್ರಿ."

"ಹೌದ? ಹಂಗಾದ್ರ ಚಲೋ ಆತು ಬಿಡ್ರಿ. ನೀವು ಬಂದ್ ಮಾಡಿದಾಗ ನಾನೂ ಕಾಲು ಚಾಚಿ ಒಂದೀಟು ಕೂಡ್ತೀನಿ," ಎಂದಳು. ಆಮೇಲೆ ಮಸೀದಿಯ ಬಾಂಗ್ ಕೇಳಿದರೂ ನನ್ನ ಮಷೀನು ನಿಲ್ಲದಿದ್ದರೆ ಗೋಡೆ ಬಡಿಯತೊಡಗಿದಳು.

ಆ ಚಳಿಗಾಲದ ಒಂದು ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ರೋಣದ ವ್ಯಾಪಾರಸ್ಥರ ಮನೆಯ ಮದುಮಗಳ ಜಂಪರುಗಳನ್ನು ಒಪ್ಪಿಸಬೇಕಿತ್ತು. ಫಜರ್‌ಗೆ ನಸುಕಿನಲ್ಲೇ ಎದ್ದಾಗ ನೀರು ಬೆರಳು ಕೊರೆಯುವಂತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಇನ್ನೂ ಮಿನುಗುತ್ತಿದ್ದವು. ಗುಂಡಿ ಕಾಜ ಮುಗಿಸಿ, ಮಧ್ಯಾಹ್ನದ ಜೋಹರ್ ಮಾಡಿಕೊಂಡೇ ಬಸ್ ಹತ್ತಿದೆ. ಎರಡು ಆದವು! ಇವತ್ತು ಐದನ್ನೂ ಹಿಡಿಯಲೇಬೇಕು ಎಂಬ ಹಟ ಬಸ್ಸಿನಲ್ಲೇ ಹುಟ್ಟಿತು.

ರೋಣದಲ್ಲಿ ಮದುಮಗಳು ಜಂಪರ್ ತೊಟ್ಟು ನೋಡಿದರೆ ತೋಳು ಬಿಗಿ. ಪಡಸಾಲೆಯಲ್ಲಿ ಕೂತು ಹೊಲಿಗೆ ಬಿಚ್ಚಿ ಮತ್ತೆ ಹಾಕುವುದರಲ್ಲಿ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಏರಿತ್ತು. ಅಸರ್ ಹೊರಟುಹೋಗುತ್ತಿದೆ. ಪರರ ಮನೆ, ಮದುವೆಯ ಸಡಗರ, ಹ್ಯಾಗೆ ಕೇಳುವುದು? ನಾನು ಮತ್ತೆಮತ್ತೆ ಗೋಡೆ ನೋಡುವುದನ್ನು ಮನೆಯ ಹಿರಿಯಾಕೆ, ಮದುಮಗಳ ಅಜ್ಜಿ, ಗಮನಿಸಿದರು.

"ಯಾಕ ತಂಗಿ, ಬಸ್ಸಿಂದು ಚಿಂತಿ ಹತ್ತೇತೇನ?"

"ಅಲ್ಲರಿ ಅವ್ವಾರ..." ಸೂಜಿ ಬದಿಗಿಟ್ಟೆ. "ನಮಾಜಿನ ಹೊತ್ತು ಹೊಂಟೈತ್ರಿ. ಎಲ್ಯರ ಒಂದು ಮೂಲ್ಯಾಗ ಜಾಗಾ ಕೊಟ್ಟಿದ್ರ..."

"ಅಯ್ಯ, ಅದಕ್ಕ ಇಷ್ಟ್ಯಾಕ ಅಂಜತಿ? ನಾ ಪೂಜಾ ಮಾಡಲಾರದ ಚಹಾ ಸೈತ ಕುಡಿಯಂಗಿಲ್ಲ. ಏಳ, ಏಳ."

ಅಜ್ಜಿ ಒಳಗಿನ ಕೋಣೆಗೆ ಕರೆದೊಯ್ದು ಅಲ್ಲಿದ್ದ ಹುಡುಗಿಯರನ್ನೆಲ್ಲ ಹೊರಗೆ ಅಟ್ಟಿದರು. ಹಾಡು ಹಚ್ಚಿದ್ದ ಮೊಬೈಲನ್ನೂ ಬಂದ್ ಮಾಡಿಸಿದರು. ನಾನು ಬಚ್ಚಲಲ್ಲಿ ವಜೂ ಮಾಡಿ ಬರುವುದರೊಳಗೆ ಒಗೆದ ಚಾದರ ಹಾಸಿತ್ತು.

"ಯಾ ಕಡೆ ಮಾರಿ ಮಾಡಬೇಕು?"

"ಪಡುವಲಕ್ಕ್ರಿ."

ಪಡುವಲಕ್ಕೆ ಉದ್ದ ಕನ್ನಡಿಯ ಕಪಾಟು. ಅಜ್ಜಿ ಒಂದು ಕ್ಷಣ ನೋಡಿದರು. "ನಿನ್ನ ಮಾರಿ ನೀನ ನೋಡ್ಕೋಂತ ಹ್ಯಾಂಗ ಮಾಡ್ತಿ?" ಎಂದವರೇ ಮದುವೆಗೆ ತಂದ ಗಜೇಂದ್ರಗಡದ ಹೊಸ ಸೀರೆಯೊಂದನ್ನು ಮಡಿಕೆ ಬಿಚ್ಚಿ ಕನ್ನಡಿಯ ಮೇಲೆ ಇಳಿಬಿಟ್ಟರು. ಬಾಗಿಲು ಮುಂದೆ ಮಾಡಿ ಹೊರಗೆ ಕಾವಲು ಕೂತರು. "ಯಾರೂ ಒಳಗ ಹೋಗಬ್ಯಾಡ್ರಿ" ಎಂದು ಗದರುವುದು ಕೇಳುತ್ತಿತ್ತು. ಆ ಕೆಂಪಂಚಿನ ಸೀರೆಯ ಎದುರು ನಿಂತು ಕೈಯೆತ್ತಿದೆ. ಅಂದು ಒಂದು ಅಕ್ಷರವೂ ಮರೆಯಲಿಲ್ಲ.

ತಿರುಗಿ ಬರುವ ಬಸ್ಸು ಊರೂರಿಗೂ ನಿಂತಿತು. ಎರಡೂ ಕಡೆ ಜೋಳದ ಹೊಲ, ಅದರಾಚೆ ಸೂರ್ಯ ಇಳಿದೇಬಿಟ್ಟ. ಮಗ್ರಿಬ್‌ನ ಹೊತ್ತು ಬಹಳ ಸಣ್ಣದು. ಗಜೇಂದ್ರಗಡದ ದೀಪಗಳು ದೂರದಲ್ಲಿ ಕಂಡಾಗಲೇ ನಾನು ಚೀಲ ಹಿಡಿದು ಬಾಗಿಲಿಗೆ ಬಂದು ನಿಂತೆ.

"ಕೂಡ ಬೇ ಯಕ್ಕ, ಇನ್ನೂ ದೂರ ಐತಿ ಊರು," ಎಂದ ಕಂಡಕ್ಟರ್. ಕೂರಲಾಗಲಿಲ್ಲ.

ಸ್ಟ್ಯಾಂಡಿನಿಂದ ಓಡುನಡಿಗೆಯಲ್ಲೇ ಬಂದೆ. ಬಾಗಿಲಲ್ಲಿದ್ದ ನೇಕಾರರ ಮನೆಯಾಕೆ ಗಾಬರಿಯಾಗಿ ಎದ್ದು ನಿಂತಳು. "ಏನಾತ್ರಿ? ಯಾರಿಗೇನಾತು?"

"ಏನೂ ಇಲ್ರಿ, ಮಗ್ರಿಬ್!" ಎನ್ನುತ್ತಲೇ ಒಳಗೆ ನುಗ್ಗಿದೆ. ಪಡುವಣದಲ್ಲಿ ಇನ್ನೂ ಕೆಂಪು ಉಳಿದಿತ್ತು. ಸಿಕ್ಕಿತು!

ರಾತ್ರಿಯ ಇಶಾ ಮುಗಿಸಿ ಎದ್ದಾಗ ಮನೆಯವರು ಹಳ್ಳಿ ತಿರುಗಿ ಬಂದು ಗಡ್ಡಕ್ಕಂಟಿದ ಹತ್ತಿ ತೆಗೆಯುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಅತ್ತಿ, ಐದೂ ಆದೂ!" ಎಂದು ಕೂಗಿದೆ.

"ನೋಡಪಾ ನಿನ್ನ ಹೇಣ್ತಿನ್ನ," ಎಂದರು ಅತ್ತೆ ಮಗನಿಗೆ. "ಮದುವಿ ಮನಿಯಿಂದ ಬಂದಾಳ, ಉಂಡಿ ತಂದೀಯೇನ ಅಂತ ಕೇಳಿದ್ರ, ಐದೂ ಆದೂ ಅಂತಾಳ." ಮನೆಯವರು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ರೋಣದ ಕಪಾಟು, ಸೀರೆ, ಅಜ್ಜಿಯ ಕಾವಲು ಎಲ್ಲವನ್ನೂ ಊಟಕ್ಕೆ ಬಡಿಸುತ್ತ ಹೇಳಿದೆ. ಅತ್ತೆ ತುತ್ತು ಕೈಯಲ್ಲೇ ಹಿಡಿದು ಕೇಳಿದರು.

ಈಗಲೂ ಎಲ್ಲ ದಿನ ಐದು ಸಿಗುತ್ತವೆ ಎಂದೇನಿಲ್ಲ. ತಪ್ಪಿದ್ದನ್ನು ಆಮೇಲೆ ಮಾಡಿಕೊಳ್ಳುತ್ತೇನೆ. ಗಿರಾಕಿಗಳೂ ಹೊತ್ತು ನೋಡಿಕೊಂಡೇ ಬರುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನನಗ ಮಂಡಿ ಬಗ್ಗಂಗಿಲ್ಲ. ಕುರ್ಚಿ ಮ್ಯಾಲ ಕುಂತು ಮಾಡಿದ್ರ ನಡಿತೈತಂತಲ್ಲ, ಖರೇನ?"

"ಖರೇ ಅತ್ತಿ."

"ಹಂಗಾದ್ರ ಹೇಳಿಕೊಡ. ಲಗೂನ ಬರೂವಂಗ ಹೇಳಿಕೊಡ ಮತ್ತ, ನನಗೇನ ಸಣ್ಣ ವಯಸ್ಸಲ್ಲ."

ನಾನು ಮಷೀನಿನ ಮೇಲಿದ್ದ ಬಟ್ಟೆ ಬದಿಗಿಟ್ಟು ಮೊದಲ ಸಾಲು ಹೇಳಿದೆ. ಅತ್ತೆ ಅದನ್ನು ನನಗಿಂತ ಗಟ್ಟಿಯಾಗಿ ಹೇಳಿದರು.