ದೊಡ್ಡಪ್ಪನ ಹೊಲದ ಬದು

ಮೊನ್ನೆ ನಮ್ಮ ಬೀದಿಯಲ್ಲಿ ನೀರಿನ ಪೈಪು ಹಾಕುವುದಕ್ಕೆಂದು ನೆಲ ಅಗೆದರು. ಚಿಕ್ಕಬಳ್ಳಾಪುರದಲ್ಲಿ ಬೀದಿ ಅಗೆಯುವುದು ಹೊಸದಲ್ಲ. ಅಗೆದದ್ದನ್ನು ಮುಚ್ಚಿದರೆ ಮಾತ್ರ ಜನ ನಿಂತು ನೋಡುತ್ತಾರೆ. ಡಾಂಬರಿನ ಅಡಿಯಲ್ಲಿ ಎಷ್ಟೋ ವರ್ಷ ಬೆಳಕು ಕಾಣದೆ ಬಿದ್ದಿದ್ದ ಕೆಮ್ಮಣ್ಣು ನಮ್ಮ ಗೇಟಿನ ಮುಂದೆ ಗುಡ್ಡೆಯಾಯಿತು. ಸಂಜೆ ಅದರ ಮೇಲೆ ನಾಲ್ಕು ಹನಿ ಮಳೆ ಬಿತ್ತು. ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತವಳು ಒಳಗೆ ಹೋಗುವುದನ್ನೇ ಮರೆತೆ. ಆ ವಾಸನೆ ನನ್ನನ್ನು ನಗರಗೆರೆಯ ಆಚೆಗಿದ್ದ ನಮ್ಮ ದೊಡ್ಡಪ್ಪನ ಹೊಲಕ್ಕೆ ಕರೆದುಕೊಂಡು ಹೋಯಿತು. ನೀವೂ ಬನ್ನಿ. ದೂರವೇನಿಲ್ಲ, ಅರವತ್ತು ಚಿಲ್ಲರೆ ವರ್ಷ ಅಷ್ಟೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮಪ್ಪ ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಬಸ್ಸು ಹತ್ತಿಸಿ ತಮ್ಮ ಅಣ್ಣನ ಹಳ್ಳಿಗೆ ಕಳಿಸಿಬಿಡುತ್ತಿದ್ದರು. ದೊಡ್ಡಪ್ಪನ ಹೆಸರು ದಾನಪ್ಪ, ದೊಡ್ಡಮ್ಮ ಎಸ್ತೇರಮ್ಮ. ಅವರ ಮಗಳು ಪ್ರಭಾ ನನ್ನ ಓರಗೆಯವಳು. ಒಬ್ಬಳೇ ಮಗಳು ಎಂದೇ ಪ್ರಭಾ ತಿಳಿದಿದ್ದಳು, ನಾನೂ ಹಾಗೆಯೇ ತಿಳಿದಿದ್ದೆ.

ಆ ಹಳ್ಳಿಯಲ್ಲಿ ದೇವಾಲಯವಿರಲಿಲ್ಲ. ನಾವು ಕ್ರೈಸ್ತರು ಚರ್ಚನ್ನು ಹಾಗೆಯೇ ಕರೆಯುತ್ತೇವೆ. ಇದ್ದ ಕೆಲವೇ ಮನೆಯವರು ಭಾನುವಾರ ದೊಡ್ಡಪ್ಪನ ಜಗಲಿಯ ಮೇಲೆ ಸೇರುತ್ತಿದ್ದರು. ಪಾದ್ರಿಗಳು ತಿಂಗಳಿಗೊಮ್ಮೆ ಬಂದರೆ ಬಂದರು; ಉಳಿದ ವಾರ ದೊಡ್ಡಪ್ಪನೇ ಸತ್ಯವೇದ ಓದಬೇಕು. ಅವರಿಗೆ ಸರಾಗವಾಗಿ ಬರುತ್ತಿದ್ದದ್ದು ಬೆಟ್ಟದ ಮೇಲಿನ ಪ್ರಸಂಗದ ಭಾಗ್ಯವಚನಗಳು. ಹಾಗಾಗಿ ಓದಲು ಬೇರೆ ಏನಾದರೂ ನಿಗದಿಯಾಗಿದ್ದರೂ ಬಂಡಿ ತಿರುಗಿ ಅಲ್ಲಿಗೇ ಬರುತ್ತಿತ್ತು. ಬಡವರು ಧನ್ಯರು, ದುಃಖಪಡುವವರು ಧನ್ಯರು, ಶಾಂತರು ಧನ್ಯರು. ನನಗೆ ಬಹಳ ದಿನ ಅದು ‘ಧಾನ್ಯರು’ ಎಂದೇ ಕೇಳಿಸುತ್ತಿತ್ತು. ಜಗಲಿಯ ಮೂಲೆಯಲ್ಲಿ ರಾಗಿ ಮೂಟೆಗಳಿದ್ದವಲ್ಲ, ಬಡವರು ರಾಗಿ, ಶಾಂತರು ಹುರುಳಿ ಎಂದು ನನ್ನಷ್ಟಕ್ಕೆ ಹಂಚಿಕೊಂಡಿದ್ದೆ. ಶಾಂತರು ಭೂಮಿಗೆ ಬಾಧ್ಯರಾಗುತ್ತಾರೆ ಎಂಬ ಮಾತಂತೂ ಇನ್ನೂ ತೊಡಕು. ಬಾಧ್ಯ ಎಂದರೆ ಹಕ್ಕುದಾರ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಧೆ ಗೊತ್ತಿತ್ತು, ದೊಡ್ಡಮ್ಮನಿಗೆ ಸೊಂಟದ ಬಾಧೆ ಇತ್ತು. ಶಾಂತರಿಂದ ಭೂಮಿಗೆ ಏನು ಬಾಧೆ ಎಂದು ಕೇಳಿದೆ. ದೊಡ್ಡಮ್ಮ ಮೊರದಿಂದ ತಲೆ ಎತ್ತದೆ, “ನಿಮ್ಮ ದೊಡ್ಡಪ್ಪನ್ನ ನೋಡು, ಗೊತ್ತಾಯ್ತದೆ” ಅಂದರು.

ಆ ಮಾತಿನ ಹಿಂದೆ ಒಂದು ಬದುವಿತ್ತು.

ದೊಡ್ಡಪ್ಪನ ಹೊಲಕ್ಕೆ ಮೂಡಣ ದಿಕ್ಕಿನಲ್ಲಿ ಅಂಟಿಕೊಂಡಿದ್ದ ಹೊಲವನ್ನು ಗಂಗುಲಪ್ಪ ಎಂಬುವರು ಹೊಸದಾಗಿ ಕೊಂಡಿದ್ದರು. ಹಿಂದೂಪುರದ ಕಡೆಯಿಂದ ಬಂದವರು, ಮನೆಮಾತು ತೆಲುಗು. ದುಡಿಮೆಗಾರ ಮನುಷ್ಯ, ಕೆಟ್ಟವರೇನಲ್ಲ. ಆದರೆ ಅವರ ನೇಗಿಲಿಗೆ ಒಂದು ಚಟವಿತ್ತು. ಪ್ರತಿ ಸಲ ಉಳುವಾಗಲೂ ಬದುವಿನ ಪಕ್ಕ ಒಂದು ಸಾಲು ಈಚೆಗೆ ಸರಿಯುತ್ತಿತ್ತು. ಒಂದು ಸಾಲು ಎಂದರೆ ಎಷ್ಟು ಮಹಾ ಎನ್ನಬೇಡಿ. ಹೊಲ ಇದ್ದವರಿಗೆ ಗೊತ್ತು, ಬದು ನಡೆಯತೊಡಗಿದರೆ ಎಲ್ಲಿ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ.

“ಕೇಳ್ಬಾರ್ದಾ ಹೋಗಿ?” ಎಂದು ದೊಡ್ಡಮ್ಮ ಊಟ ಬಡಿಸುವಾಗೆಲ್ಲ ಶುರುಮಾಡುತ್ತಿದ್ದರು.

“ಕೇಳಣ.”

“ಯಾವಾಗ? ಅವ್ರ ಎತ್ತು ನಮ್ಮ ಒಲೆ ಮುಂದೆ ಬಂದು ನಿಂತ್ಮೇಲಾ? ಹೆಸರಿನಾಗೇ ದಾನ ಇಟ್ಟಿದ್ದು ತಪ್ಪಾಯ್ತು. ಭೂಮಿಗೆ ಬಾಧ್ಯರಾಗ್ತಾರಂತೆ. ಇರೋ ಭೂಮಿನೇ ಕಾಲು ಬಂದು ಎದ್ದೋಗ್ತಾ ಐತೆ.”

ದೊಡ್ಡಪ್ಪ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಮುದ್ದೆ ಅಗಿಯುವ ಹಾಗಿಲ್ಲ. ಅವರು ಮಾತನ್ನೂ ಹಾಗೆಯೇ ನುಂಗುತ್ತಿದ್ದರು.

ಅವರನ್ನು ಪುಕ್ಕಲರೆಂದುಕೊಂಡೀರಿ. ಇಲ್ಲ. ಆ ಕಾಲದಲ್ಲಿ ನಮ್ಮವರು ಊರ ಬಾವಿಯ ಬಳಿ ಕೊಡ ಇಟ್ಟು, ಬೇರೆಯವರು ಸೇದಿ ಹಾಕುವ ತನಕ ದೂರ ನಿಂತು ಕಾಯಬೇಕಿತ್ತು. ಒಂದು ದಿನ ಯಾರೋ ನಮ್ಮ ಅಜ್ಜಿಯ ಕೊಡವನ್ನು ಕಾಲಿನಿಂದ ಒದ್ದರಂತೆ. ಹದಿಹರೆಯದ ದೊಡ್ಡಪ್ಪ ಆ ಮನುಷ್ಯನನ್ನು ಎತ್ತಿ ನೆಲಕ್ಕೆ ಹಾಕಿದರಂತೆ, ಅವನು ಬಹಳ ದಿನ ಏಳಲಿಲ್ಲವಂತೆ. ಆಮೇಲೆ ನಮ್ಮ ಕೇರಿಯವರೆಲ್ಲ ಅದರ ಫಲ ಉಂಡರು. ಅಂದಿನಿಂದ ದೊಡ್ಡಪ್ಪನಿಗೆ ಬೇರೆಯವರಿಗಿಂತ ತಮ್ಮ ಕೈಗಳ ಮೇಲೆಯೇ ಹೆದರಿಕೆ. ಇದನ್ನು ಅಪ್ಪ ಹೇಳಿದ್ದು. ಶಾಂತರು ಎಂದರೆ ಕೋಪ ಬಾರದವರಲ್ಲ, ಬಂದ ಕೋಪಕ್ಕೆ ಮೂಗುದಾರ ಹಾಕಿಟ್ಟವರು ಎಂದು ನಾನು ದೊಡ್ಡವಳಾದ ಮೇಲೆ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಪಾಠ ತಪ್ಪೇನಲ್ಲ. ಪೂರ್ತಿಯೂ ಅಲ್ಲ.

ಆ ವರ್ಷ ಮುಂಗಾರಿಗೆ ಮೊದಲಿನ ಹದ ಮಳೆ ಆಗಿತ್ತು. ಬೆಳಿಗ್ಗೆ ನಾನೂ ಪ್ರಭಾಳೂ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆವು. ಗಂಗುಲಪ್ಪ ಎತ್ತಿಗೆ ಆರು ಕಟ್ಟಿ ಉಳತೊಡಗಿದ್ದು ಮನೆಯಿಂದಲೇ ಕಾಣುತ್ತಿತ್ತು. ದೊಡ್ಡಮ್ಮ ಕಸ ಗುಡಿಸುತ್ತಿದ್ದವರು ನಿಂತು ಆ ಕಡೆ ನೋಡಿದರು. ಪೊರಕೆಯನ್ನು ಅಲ್ಲೇ ಬಿಟ್ಟು ನಡೆಯತೊಡಗಿದರು. ಅವರ ಸೊಂಟ ಅಷ್ಟು ಬೇಗ ನಡೆಯಬಲ್ಲದೆಂದು ನಮಗೆ ಗೊತ್ತಿರಲಿಲ್ಲ. ನಾವು ಹಿಂದೆಯೇ ಓಡಿದೆವು.

ಬದುವಿನ ಒಂದು ಕಡೆ ಬಂದಾಳದ ಪೊದೆ ಇತ್ತು. ಅದರ ಪಕ್ಕ ದೊಡ್ಡಮ್ಮ ಹೋಗಿ ನೆಲದ ಮೇಲೆ ಕೂತುಬಿಟ್ಟರು, ಬರುತ್ತಿದ್ದ ಎತ್ತುಗಳಿಗೆ ಎದುರಾಗಿ. ಬಯ್ಯಲಿಲ್ಲ. ಬಯ್ದಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಏಮಮ್ಮಾ ಇದು, ಎದ್ದೇಳಿ. ಎತ್ತು ತುಳೀತವೆ” ಎಂದು ಗಂಗುಲಪ್ಪ ನೇಗಿಲು ಒತ್ತಿ ನಿಲ್ಲಿಸಿದರು.

ದೊಡ್ಡಮ್ಮ ಏಳಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಕೊಟ್ಟಿಗೆಯಿಂದ ಬಂದರು, ಕೈಯಲ್ಲಿ ಗುದ್ದಲಿ. ಸಗಣಿ ಎಳೆಯುತ್ತಿದ್ದ ಗುದ್ದಲಿಯನ್ನು ಕೆಳಗಿಡುವುದಕ್ಕೆ ಅವರಿಗೆ ತೋಚಿರಲಿಲ್ಲವೆಂದು ಕಾಣುತ್ತದೆ. ಗಂಗುಲಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? ಬಾವಿಯ ಕತೆ ಅವರೂ ಕೇಳಿದ್ದರೇನೋ. ಬಾರುಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಪ್ರಭಾ ನನ್ನ ತೋಳು ಹಿಡಿದ ಹಿಡಿತ ಈಗಲೂ ಇದೆ.

“ಗಂಗುಲಪ್ಪ, ಎತ್ತು ಬಿಚ್ಚು” ಅಂದರು ದೊಡ್ಡಪ್ಪ.

“ಯಾಕೆ? ನಾನು ನನ್ನ ಹೊಲದಾಗೆ ಅವ್ನಿ.”

“ನೀನು ಎಲ್ಲಿದೀಯ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಅದಲ್ಲ ಮಾತು.” ಇಷ್ಟು ಹೇಳಿ ದೊಡ್ಡಪ್ಪ ನಿಂತರು. ಗುದ್ದಲಿಯ ಕಾವನ್ನು ಬಿಗಿಹಿಡಿದರು. ಈಗ ಹೊಡೆಯುತ್ತಾರೆ ಎಂದುಕೊಂಡೆ. ದೊಡ್ಡಮ್ಮ ಕೂತಲ್ಲಿಂದಲೇ ಮುಖ ಎತ್ತಿ ಗಂಡನನ್ನು ನೋಡಿದರು. ಬೈಯುವ ನೋಟವಲ್ಲ, ಬೇಡುವ ನೋಟ.

“ನೀವೇ ಹೇಳಿ” ಅಂದರು. “ಒಂದು ಸಲ ನೀವು ಹೇಳಿ.”

“ಇಲ್ಲಿ ನಮ್ಮ ಮಗು ಐತೆ ಗಂಗುಲಪ್ಪ” ಅಂದರು ದೊಡ್ಡಪ್ಪ. “ಕೃಪಾ ಅಂತ. ಇವಳು ಕೂತವ್ಳಲ್ಲ, ಅಲ್ಲೇ ಮಲಗಿಸಿದೀವಿ. ನೆಲ ಎಷ್ಟು ಬೇಕೋ ತಗೋ. ಆ ಮಗೂ ಮೇಲೆ ನೇಗಿಲು ಬ್ಯಾಡ.”

ಗುದ್ದಲಿ ಕೈಯಿಂದ ಜಾರಿತು. ಆ ದೊಡ್ಡ ಮನುಷ್ಯ ಕೈಗಳನ್ನು ಇಳಿಬಿಟ್ಟು, ಕಣ್ಣು ಒರೆಸಿಕೊಳ್ಳದೆ, ನಮ್ಮೆಲ್ಲರ ಎದುರು ನಿಂತು ಅತ್ತರು.

ಪ್ರಭಾ ಹುಟ್ಟುವುದಕ್ಕೆ ಮೊದಲು, ಮಾತು ಕಲಿಯುತ್ತಿದ್ದ ಒಂದು ಹೆಣ್ಣುಮಗು ಜ್ವರ ಬಂದು ತೀರಿಹೋಗಿತ್ತಂತೆ. ನಮ್ಮವರಿಗೆ ಅಲ್ಲಿ ಸ್ಮಶಾನವಿರಲಿಲ್ಲ, ಹೊಲದ ಅಂಚಿನಲ್ಲೇ ಮಣ್ಣು ಮಾಡಿದ್ದರು. ಗುರುತಿಗೆ ಇಟ್ಟ ಕಲ್ಲು ವರ್ಷ ವರ್ಷವೂ ಮಳೆಗೆ ಇಳಿದು ಮಣ್ಣಿನೊಳಗೆ ಸೇರಿಹೋಗಿತ್ತು. ಮಣ್ಣು ಮಾಡಿ ಬಂದ ದಿನದಿಂದ ದೊಡ್ಡಪ್ಪ ಆ ಹೆಸರು ಎತ್ತಿರಲಿಲ್ಲ. ದೊಡ್ಡಮ್ಮ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಆಗ ಊರಿನವರು, ಪಾದ್ರಿಗಳೂ ಸಹ, ದಾನಪ್ಪ ಎಷ್ಟು ಶಾಂತವಾಗಿ ತಡೆದುಕೊಂಡ ನೋಡಿ ಎಂದು ಕೊಂಡಾಡಿದ್ದರಂತೆ. ಗಂಗುಲಪ್ಪನ ಬಳಿ ಬದುವಿನ ಮಾತು ಎತ್ತಿದ್ದರೆ ಮಗುವಿನ ಮಾತನ್ನೂ ಎತ್ತಬೇಕಾಗುತ್ತಿತ್ತು. ಅದಕ್ಕೇ ಅವರು ನೆಲ ಬಿಟ್ಟುಕೊಡುತ್ತ ಬಂದದ್ದು. ನಾವು ಶಾಂತಿ ಎಂದುಕೊಂಡದ್ದರಲ್ಲಿ ಬಾಯಿ ಬಾರದ ದುಃಖ ಎಷ್ಟು ಪಾಲಿತ್ತೋ, ಅವರಿಗೇ ಗೊತ್ತಿತ್ತೋ ಇಲ್ಲವೋ.

ಗಂಗುಲಪ್ಪ ತಲೆಗೆ ಸುತ್ತಿದ್ದ ವಲ್ಲಿಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡರು. “ನಾಕು ತೆಲೀದನ್ನಾ,” ಅಂದರು. ಮತ್ತೆ, ನಮಗೆ ಅರ್ಥವಾಗಲಿಲ್ಲವೇನೋ ಎಂಬಂತೆ, “ಗೊತ್ತಿರ್ಲಿಲ್ಲ ಕಣಣ್ಣ. ದೇವರಾಣೆ ಗೊತ್ತಿರ್ಲಿಲ್ಲ.” ಎತ್ತು ಬಿಚ್ಚಿ ಹೊಡೆದುಕೊಂಡು ಹೋದರು. ನೇಗಿಲು ಅರ್ಧ ಸಾಲಿನಲ್ಲೇ ಉಳಿಯಿತು.

ಸಂಜೆ ಅವರ ಹೆಂಡತಿ ನರಸಮ್ಮ ಬಂದರು. ಅದುವರೆಗೆ ನಮ್ಮ ಮನೆಯ ಜಗಲಿ ಹತ್ತಿದವರಲ್ಲ. ಹತ್ತಬಾರದೆಂಬ ಕಟ್ಟಳೆ ಅವರದು. ಅಂದು ಹತ್ತಿ, ಒಳಗೆ ಬಂದು, ದೊಡ್ಡಮ್ಮನ ಪಕ್ಕ ನೆಲದಲ್ಲೇ ಕೂತರು. “ಎಂಥ ಮಗು ಇತ್ತಮ್ಮ, ಹೇಳಿ” ಅಂದರು. ಅಷ್ಟೇ ಕೇಳಿದ್ದು. ದೊಡ್ಡಮ್ಮ ದೀಪ ಹಚ್ಚುವುದನ್ನೂ ಮರೆತು ಹೇಳುತ್ತ ಹೋದರು. ನಡುವೆ ನರಸಮ್ಮನೂ ತಾವು ಕಳೆದುಕೊಂಡ ಒಂದು ಕೂಸಿನ ಹೆಸರು ಹೇಳಿದರು. ಇಬ್ಬರೂ ಅತ್ತರು, ನಡುನಡುವೆ ನಕ್ಕರು. ನಮಗೆ ಅಂದು ರಾತ್ರಿಯೂಟಕ್ಕೆ ಬೆಳಗಿನ ತಂಗಳೇ ಗತಿಯಾಯಿತು.

ಆ ಭಾನುವಾರ ದೊಡ್ಡಪ್ಪ ಎಂದಿನಂತೆ ಭಾಗ್ಯವಚನಗಳನ್ನು ಓದಲು ತೊಡಗಿದರು. ದುಃಖಪಡುವವರು ಎಂಬಲ್ಲಿಗೆ ಬಂದು ನಿಂತರು. ಮುಂದಿನದನ್ನು ಓದದೆ, ಪುಸ್ತಕ ಮುಚ್ಚಿ, ಕೃಪಾ ಮಣ್ಣು ತಿನ್ನುತ್ತಿದ್ದ ಕತೆ ಹೇಳಿದರು. ಬಾಯಿ ತೆಗೆಸಿ ನೋಡಿದರೆ ನಾಲಿಗೆಯೆಲ್ಲ ಕೆಂಪಗೆ ಮಾಡಿಕೊಂಡು, ತಿಂದಿಲ್ಲ ಎಂದು ತಲೆಯಾಡಿಸುತ್ತಿದ್ದಳಂತೆ. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ದೊಡ್ಡಪ್ಪನೂ ನಕ್ಕರು. ಅಂದು ಉಪದೇಶದ ಪ್ರಸಂಗವೇ ನಡೆಯಲಿಲ್ಲ. ಅಷ್ಟು ಒಳ್ಳೆಯ ಪ್ರಸಂಗ ನಾನು ಆಮೇಲೆ ಕೇಳಿಯೂ ಇಲ್ಲ.

ಗಂಗುಲಪ್ಪ ಒತ್ತಿಕೊಂಡಿದ್ದ ಸಾಲುಗಳನ್ನೆಲ್ಲ ತಿರುಗಿ ಕೊಟ್ಟರೆಂದು ಹೇಳಿದರೆ ನಿಮಗೆ ಸಂತೋಷವಾಗಬಹುದು. ಕೊಡಲಿಲ್ಲ. ಆದರೆ ಮುಂದಕ್ಕೆ ಒತ್ತಲಿಲ್ಲ. ಆ ಬಂದಾಳದ ಪೊದೆಯ ಬಳಿ ಮಾತ್ರ ಬದುವನ್ನು ತಾವೇ ತಮ್ಮ ಹೊಲದ ಕಡೆಗೆ ಬಾಗಿಸಿ ಕಟ್ಟಿದರು, ಮಗುವಿಗೆ ಕೈಕಾಲು ಆಡಿಸಲು ಜಾಗ ಬಿಟ್ಟ ಹಾಗೆ. ದೊಡ್ಡಮ್ಮನ ನಾಲಿಗೆ ಸುಮ್ಮನಿರಲಿಲ್ಲ. “ಅಂತೂ ಒಂದು ತೊಟ್ಟಿಲಗಲ ಭೂಮಿಗೆ ಬಾಧ್ಯರಾದ್ವಿ” ಅನ್ನುತ್ತಿದ್ದರು. ಆದರೆ ಹುರುಳಿ ಬಂದಾಗ ನರಸಮ್ಮನಿಗೆ ಮೊದಲ ಮೊರ ಹೋಗುತ್ತಿತ್ತು.

ಭಾಗ್ಯವಚನಗಳನ್ನು ನಾನು ಬಹಳ ಕಾಲ ಬೇರೆ ಬೇರೆ ಜನರಿಗೆ ಹಂಚಿದ ಬಹುಮಾನವೆಂದು ಓದುತ್ತಿದ್ದೆ. ಬಡವರಿಗೆ ಒಂದು, ಅಳುವವರಿಗೆ ಒಂದು, ಶಾಂತರಿಗೆ ಒಂದು, ರಾಗಿ ಹುರುಳಿ ಹಂಚಿದ ಹಾಗೆಯೇ. ಈಗ ಅನಿಸುತ್ತದೆ, ಅವೆಲ್ಲ ಒಬ್ಬನೇ ಮನುಷ್ಯನೊಳಗೆ ಒಂದರ ಕೈ ಒಂದು ಹಿಡಿದು ಬರುತ್ತವೆ. ಅಳುವುದನ್ನು ದಾಟದೆ ಶಾಂತಿಗೆ ಹೋಗುವ ದಾರಿ ಇಲ್ಲ. ಮತ್ತು ಅಳುವವರಿಗೆ ಸಮಾಧಾನ ಸಿಗುತ್ತದೆ ಎಂದಾಗ ಅದು ಮೇಲಿನಿಂದ ಇಳಿದು ಬರುತ್ತದೆ ಎಂದು ಕಾಯುತ್ತ ಕೂರಬೇಕಿಲ್ಲ. ಕೆಲವೊಮ್ಮೆ ಅದು ಕಟ್ಟಳೆ ಮುರಿದು ಜಗಲಿ ಹತ್ತಿ ಬರುತ್ತದೆ, ಎಂಥ ಮಗು ಇತ್ತು ಎಂದು ಕೇಳುತ್ತದೆ.

ನನ್ನ ಯಜಮಾನರು ಹೋಗಿ ಎರಡು ವರ್ಷವಾಗುತ್ತ ಬಂತು. ದೇವಾಲಯದಲ್ಲಿ ಎಲ್ಲರೂ “ಟೀಚರ್ ಎಷ್ಟು ಶಾಂತವಾಗಿದಾರೆ ನೋಡಿ” ಎನ್ನುತ್ತಾರೆ. ಕೇಳಿ ನಾನು ಒಳಗೊಳಗೇ ಹಿಗ್ಗುತ್ತಿದ್ದದ್ದೂ ಉಂಟು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡಿರಲು ನನಗೆ ಅದೊಂದು ಒಳ್ಳೆಯ ನೆಪವಾಗಿತ್ತು. ಮೊನ್ನೆ ಸಂಜೆ ಹಾಲಿನ ಪಾತ್ರೆಯನ್ನು ಒಳಗಿಟ್ಟು, ಶಿಡ್ಲಘಟ್ಟದಲ್ಲಿರುವ ಪ್ರಭಾಗೆ ಫೋನು ಮಾಡಿದೆ.

“ಏನೇ, ಹುಷಾರಾಗಿದೀಯಾ?” ಅಂದಳು.

“ಹುಷಾರಾಗಿದೀನಿ ಕಣೇ. ನಮ್ಮ ಯಜಮಾನ್ರ... ಜಯಶೀಲನ ವಿಷಯ ಮಾತಾಡಣ ಅಂತ ಮಾಡ್ದೆ.”

ಆ ಕಡೆ ಕುರ್ಚಿ ಎಳೆದುಕೊಂಡದ್ದು ಕೇಳಿಸಿತು.

“ಹೇಳು,” ಅಂದಳು. “ಕೂತ್ಕೊಂಡಿದೀನಿ.”